ಡ್ರೈ ಬಿಯರ್‌ಗೆ ಎನ್ಜೈಮ್ ಬೇಕಾ, ಅವಲಕ್ಕಿ ಸಾಕಾ?

ಪುಣೆಯ ಏಪ್ರಿಲ್ ಬಿಸಿಲಲ್ಲಿ ದಪ್ಪ, ಸಿಹಿ ಬಿಯರ್ ಗಂಟಲಲ್ಲಿ ಇಳಿಯುವುದಿಲ್ಲ. ಇಲ್ಲಿ ಮನೆಯಲ್ಲೇ ಬಿಯರ್ ಮಾಡುವ ನಮ್ಮ ಕನ್ನಡದ ಗೆಳೆಯರಲ್ಲಿ ಬೇಸಿಗೆ ಬಂತೆಂದರೆ ಡ್ರೈ ಬಿಯರ್, ಅಂದರೆ ಸಿಹಿ ಉಳಿಯದ ಬಿಯರ್, ಮಾಡುವುದು ಹೇಗೆ ಅನ್ನುವುದೇ ಚರ್ಚೆ. ಡ್ರೈ ಎನ್ಜೈಮ್ ಪೊಟ್ಟಣ ಒಂದು ಸುರಿದರೆ ಕೆಲಸ ಮುಗಿಯಿತು ಅಂತ ಕೆಲವರು. ಅದನ್ನು ಮುಟ್ಟುವುದೇ ಬೇಡ, ಮ್ಯಾಶ್, ಅಂದರೆ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಿಸಿನೀರಲ್ಲಿ ನೆನೆಸಿಡುವ ಹಂತ, ಸರಿಯಾಗಿ ಮಾಡಿದರೆ ಸಾಕು ಅಂತ ಉಳಿದವರು. ನಾನು ಎಲ್ಲ ದಾರಿಯನ್ನೂ ಒಂದೇ ಪೇಲ್ ಮಾಲ್ಟ್, ಒಂದೇ ಹಾಪ್ಸ್ (ಕಹಿ ಕೊಡುವ ಹೂ) ಇಟ್ಟುಕೊಂಡು ಮಾಡಿ ನೋಡಿದ್ದೇನೆ. ಬಿಯರ್ ಹುದುಗಿಸುವ ಫ್ರಿಜ್ ಕೂಡ ಒಂದೇ, 18 ಡಿಗ್ರಿಗೆ ಕಟ್ಟಿಹಾಕಿದ್ದು. ಅದರ ಕಂಟ್ರೋಲರ್ ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಸಿಗುತ್ತದೆ. ಅದಿಲ್ಲದೆ ಇಲ್ಲಿನ ಬೇಸಿಗೆಯಲ್ಲಿ ಈ ಹೋಲಿಕೆಗೆ ಅರ್ಥವೇ ಇಲ್ಲ.

ಮೊದಲು ಈ ಪುಡಿ ಏನು ಮಾಡುತ್ತದೆ ನೋಡೋಣ. ಇದು ಗ್ಲೂಕೋಅಮೈಲೇಸ್. ಪೊಟ್ಟಣದ ಮೇಲೆ ಅಮೈಲೋಗ್ಲೂಕೋಸಿಡೇಸ್ ಅಂತಲೂ ಬರೆದಿರುತ್ತಾರೆ. ಹೆಚ್ಚಾಗಿ ಆಸ್ಪರ್ಜಿಲಸ್ ನೈಜರ್ ಅನ್ನುವ ಬೂಷ್ಟಿನಿಂದ ತೆಗೆಯುತ್ತಾರೆ. ಮಾಲ್ಟ್‌ನಲ್ಲೇ ಇರುವ ಆಲ್ಫಾ, ಬೀಟಾ ಅಮೈಲೇಸ್‌ಗಳು ಪಿಷ್ಟದ ಸರಪಳಿಯನ್ನು ಕತ್ತರಿಸುತ್ತವೆ. ಆದರೆ ಸರಪಳಿ ಕವಲೊಡೆದ ಜಾಗಕ್ಕೆ ಬಂದರೆ ಅವುಗಳ ಆಟ ನಡೆಯುವುದಿಲ್ಲ. ಹಾಗೆ ಉಳಿದ ತುಂಡುಗಳೇ ಡೆಕ್ಸ್ಟ್ರಿನ್. ಮಾಮೂಲಿ ಯೀಸ್ಟ್ ಅವನ್ನು ತಿನ್ನಲಾರದು. ಗ್ಲೂಕೋಅಮೈಲೇಸ್ ಆ ಕವಲನ್ನೂ ಬಿಡದೆ ಎಲ್ಲವನ್ನೂ ಗ್ಲೂಕೋಸ್ ಮಾಡಿಬಿಡುತ್ತದೆ. ಯೀಸ್ಟ್‌ಗೆ ಹಬ್ಬ. 1967ರಲ್ಲಿ ಅಮೆರಿಕದ ರೈನ್‌ಗೋಲ್ಡ್ ಕಂಪನಿ ಗ್ಯಾಬ್ಲಿಂಗರ್ಸ್ ಅನ್ನುವ ಡಯಟ್ ಬಿಯರ್ ತಂದದ್ದು ಜೋಸೆಫ್ ಓವೇಡ್ಸ್ ಅವರ ಇದೇ ಉಪಾಯದಿಂದ. ಅದು ಓಡಲಿಲ್ಲ. ಅದೇ ಎಳೆ ಹಿಡಿದು ಬಂದ ಮಿಲ್ಲರ್ ಲೈಟ್ ಮಾತ್ರ 1975ರ ನಂತರ ಭರ್ಜರಿಯಾಗಿ ಓಡಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಡ್ರೈ ಬೇರೆ, ಲೈಟ್ ಬೇರೆ. ಎನ್ಜೈಮ್ ಕೊಡುವುದು ಡ್ರೈ ಮಾತ್ರ. ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ; ನೀರು 1.000, ಸಕ್ಕರೆ ಕರಗಿದಷ್ಟೂ ಹೆಚ್ಚು) 1.040ರಲ್ಲಿ ಶುರುವಾಗಿ 1.010ಕ್ಕೆ ನಿಂತ ಬಿಯರ್‌ನಲ್ಲಿ ಆಲ್ಕೋಹಾಲ್ ಸುಮಾರು 3.9 ಶೇಕಡಾ. ಅದೇ ವರ್ಟ್ (ಹುದುಗುವ ಮೊದಲಿನ ಸಿಹಿ ದ್ರವ) ಎನ್ಜೈಮ್‌ನಿಂದ 1.000ಕ್ಕೆ ಇಳಿದರೆ 5.2 ದಾಟುತ್ತದೆ. ಕ್ಯಾಲರಿಯೂ ಅಂಥ ಜಾಸ್ತಿ ಕಡಿಮೆಯಾಗುವುದಿಲ್ಲ. ಒಂದು ಗ್ರಾಂ ಸಕ್ಕರೆ ಅಂಶದಲ್ಲಿ 4 ಕ್ಯಾಲರಿ ಇದ್ದರೆ, ಅದರಿಂದ ಹುಟ್ಟುವ ಅರ್ಧ ಗ್ರಾಂ ಆಲ್ಕೋಹಾಲ್‌ನಲ್ಲಿ ಮೂರೂವರೆ ಇರುತ್ತದೆ. ಹಗುರ ಬೇಕಾದರೆ ಮಾಲ್ಟನ್ನೇ ಕಡಿಮೆ ಹಾಕಬೇಕು. ನಾನು ಎನ್ಜೈಮ್ ಬಳಸುವಾಗ 1.034ರ ಮೇಲೆ ಹೋಗುವುದಿಲ್ಲ. ಅದು 0.999ಕ್ಕೆ ಇಳಿದರೂ 4.6ರಷ್ಟೇ ಆಗುತ್ತದೆ.

ಈಗ ಹೋಲಿಕೆಗೆ ಬರೋಣ. ಪೊಟ್ಟಣದ ಮೇಲೆ ಬರೆದಿರುವ ದಾರಿ ಸುಲಭ: ಯೀಸ್ಟ್ ಹಾಕುವಾಗಲೇ ಎನ್ಜೈಮನ್ನೂ ಫರ್ಮೆಂಟರ್‌ಗೆ, ಅಂದರೆ ಹುದುಗಿಸುವ ಪಾತ್ರೆಗೆ, ಸುರಿಯಿರಿ. ಸಿದ್ಧ ಮಾಲ್ಟ್ ಸಾರದ ಕಿಟ್ ಡಬ್ಬಿಯಿಂದ ಬಿಯರ್ ಮಾಡುವವರಿಗೆ ಇದು ಬಿಟ್ಟರೆ ಬೇರೆ ದಾರಿ ಕಡಿಮೆ, ಅಲ್ವಾ? ರುಚಿ ನಿಜಕ್ಕೂ ಒಣ ಒಣ. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ 1.000ಕ್ಕಿಂತ ಕೆಳಗೆ ಮುಳುಗುವುದನ್ನು ಮೊದಲ ಸಲ ನೋಡಿದವರು ಉಪಕರಣ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಆಲ್ಕೋಹಾಲ್ ನೀರಿಗಿಂತ ಹಗುರ, ಅದಕ್ಕೇ ಹಾಗೆ. ಆದರೆ ಈ ಎನ್ಜೈಮ್‌ಗೆ ಹಿಡಿಸುವುದು 55-60 ಡಿಗ್ರಿ ಬಿಸಿ. 18 ಡಿಗ್ರಿಯಲ್ಲಿ ಅದು ತೆವಳುತ್ತದೆ. ಮೊದಲ ವಾರ ಗ್ರಾವಿಟಿ ಸರಸರ ಇಳಿಯುತ್ತದೆ. ಆಮೇಲೆ 1.004ರಿಂದ ಕೆಳಕ್ಕೆ ವಾರಗಟ್ಟಲೆ ಕಾಯಿಸುತ್ತದೆ.

ಅಪಾಯ ಇರುವುದು ಇಲ್ಲೇ. ಎರಡು ದಿನ ಹೈಡ್ರೋಮೀಟರ್ ಒಂದೇ ಅಂಕಿ ತೋರಿಸಿತು ಅಂತ ಬಾಟಲಿಗೆ ತುಂಬಿದರೆ, ಎನ್ಜೈಮ್ ಬಾಟಲಿಯೊಳಗೂ ಕೆಲಸ ಮುಂದುವರಿಸುತ್ತದೆ. ಗ್ರಾವಿಟಿ ಎರಡು ಪಾಯಿಂಟ್ (0.002) ಇಳಿದರೆ ಹೆಚ್ಚುಕಡಿಮೆ ಒಂದು ವಾಲ್ಯೂಮ್, ಅಂದರೆ ಬಿಯರಿನಷ್ಟೇ ಗಾತ್ರದ, ಗ್ಯಾಸ್ ಹುಟ್ಟುತ್ತದೆ. 1.006ರಲ್ಲಿ ತುಂಬಿದ ಬಿಯರ್ 0.999ಕ್ಕೆ ಹೋದರೆ ಮೂರೂವರೆ ವಾಲ್ಯೂಮ್. ನಾವು ಬೇಕೆಂದೇ ಹಾಕಿದ ಸಕ್ಕರೆಯ ಗ್ಯಾಸ್ ಇದರ ಮೇಲೆ. ಹಳೆಯ 650 ಮಿಲಿ ಬಾಟಲಿಗಳು ಇಷ್ಟು ಒತ್ತಡಕ್ಕೆ ಮಾಡಿದವಲ್ಲ. ಗಾಜು ಸಿಡಿದರೆ ಕಣ್ಣಿಗೇ ಬರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ, ಒತ್ತಡ ಬಿಡಬಲ್ಲ ಕೆಗ್ (ಲೋಹದ ಪೀಪಾಯಿ) ಇಲ್ಲದಿದ್ದರೆ, ಈ ದಾರಿ ಬೇಡ ಅಂತಲೇ ನಾನು ಎಲ್ಲರಿಗೂ ಹೇಳುವುದು. ಮಾಡಲೇಬೇಕು ಅಂದರೆ ಗ್ರಾವಿಟಿ 1.000ಕ್ಕಿಂತ ಕೆಳಗಿಳಿದು, ಆಮೇಲೆ ವಾರವಿಡೀ ಒಂದೇ ಕಡೆ ನಿಂತಿರಬೇಕು.

ಅದೇ ಪುಡಿಯನ್ನು ಮ್ಯಾಶ್‌ಗೆ ಹಾಕಿದರೆ ಕಥೆಯೇ ಬೇರೆ. 60-62 ಡಿಗ್ರಿಯಲ್ಲಿ ಒಂದೂವರೆ ಗಂಟೆ ಬಿಟ್ಟರೆ ಎನ್ಜೈಮ್ ತನಗೆ ಹಿತವಾದ ಬಿಸಿಯಲ್ಲಿ ಬಹುಪಾಲು ಕೆಲಸ ಮುಗಿಸುತ್ತದೆ. ಆಮೇಲೆ ವರ್ಟ್ ಕುದಿಸುತ್ತೇವಲ್ಲ, ಅಲ್ಲಿಗೆ ಅದು ಸತ್ತಿತು. ಬಿಯರ್ 1.001 ಅಥವಾ 1.002ಕ್ಕೆ ಬಂದು ನಿಲ್ಲುತ್ತದೆ, ಮತ್ತೆ ಕದಲುವುದಿಲ್ಲ. ಬಾಟಲಿಗೆ ನಿಶ್ಚಿಂತೆಯಿಂದ ತುಂಬಬಹುದು. ಕೊರತೆ ಅಂದರೆ ಇದರಲ್ಲಿ ಸ್ವಲ್ಪ ಹಣ್ಣಿನ ವಾಸನೆ ಬರುತ್ತದೆ. ಗ್ಲೂಕೋಸ್ ಜಾಸ್ತಿ ಇರುವ ವರ್ಟ್‌ನಲ್ಲಿ ಯೀಸ್ಟ್ ಎಸ್ಟರ್ ಹೆಚ್ಚು ಮಾಡುತ್ತದೆ. ಫ್ರಿಜ್ಜನ್ನು 17ಕ್ಕೆ ಇಳಿಸಿದರೆ ಹಿಡಿತಕ್ಕೆ ಬರುತ್ತದೆ.

ಮೂರನೆಯದು ನನ್ನ ಮೆಚ್ಚಿನದು. ಅಂಗಡಿಯ ಎನ್ಜೈಮ್ ಇಲ್ಲವೇ ಇಲ್ಲ, ನಾಲ್ಕರಲ್ಲಿ ಒಂದು ಪಾಲು ಅವಲಕ್ಕಿ. ಪುಣೆಯಲ್ಲಿ ಪೋಹೆಗೆ ಬರವೇ? ಗಟ್ಟಿ ಅವಲಕ್ಕಿ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಹಸಿ ಅಕ್ಕಿಯ ಪಿಷ್ಟ ಮ್ಯಾಶ್‌ನ ಬಿಸಿಗೆ ಅರಳುವುದಿಲ್ಲ, ಬೇರೆ ಪಾತ್ರೆಯಲ್ಲಿ ಅನ್ನ ಮಾಡಿಯೇ ಹಾಕಬೇಕು. ಅವಲಕ್ಕಿ ಹಾಗಲ್ಲ. ಭತ್ತ ನೆನೆಸಿ, ಹುರಿದು, ಕುಟ್ಟುವಾಗಲೇ ಪಿಷ್ಟ ಅರಳಿರುತ್ತದೆ. ಮಾಲ್ಟ್ ಜೊತೆ ನೇರವಾಗಿ ಸುರಿಯಬಹುದು. 63 ಡಿಗ್ರಿ, ಒಂದೂವರೆ ಗಂಟೆ. 1.036ರಿಂದ 1.006ಕ್ಕೆ ಬರುತ್ತದೆ. ಅಂಕಿ ನೋಡಿದರೆ ಎನ್ಜೈಮ್ ಬಿಯರ್‌ನಷ್ಟು ಡ್ರೈ ಅಲ್ಲ. ಬಾಯಿಗೆ ಮಾತ್ರ ಅಕ್ಕಿಯ ಶುಭ್ರ ರುಚಿ, ಗುಟುಕು ಮುಗಿದ ಮೇಲೆ ಏನೂ ಅಂಟಿಕೊಳ್ಳುವುದಿಲ್ಲ. ಕುಡಿಯಲು ಒಂದು ತೂಕವೂ ಇದೆ. ಧಾರವಾಡದಿಂದ ಬಂದಿದ್ದ ನಮ್ಮ ಭಾವನಿಗೆ ಎರಡನ್ನೂ ಹೆಸರು ಹೇಳದೆ ಕೊಟ್ಟೆ. ಎನ್ಜೈಮ್ ಬಿಯರ್ ಕುಡಿದು, “ಲೇ ತಮ್ಮಾ, ಇದು ಸೋಡಾ ಕುಡದಂಗ ಆತಲ್ಲೋ” ಅಂದರು. ಅವಲಕ್ಕಿಯದನ್ನು ಮತ್ತೊಂದು ಗ್ಲಾಸ್ ಕೇಳಿ ಹಾಕಿಸಿಕೊಂಡರು. ಮರುದಿನ ಸುಡು ಮಧ್ಯಾಹ್ನ ಅದೇ ಸೋಡಾದಂಥದನ್ನೇ ಕೇಳಿದರು ಅನ್ನುವುದನ್ನೂ ಹೇಳಬೇಕು. ಹೊತ್ತಿಗೆ ತಕ್ಕ ಬಿಯರ್ ಇರುತ್ತದೆ.

ಸಕ್ಕರೆ ಹಾಕುವುದು ಅಗ್ಗದ ದಾರಿ. ಹತ್ತರಲ್ಲಿ ಒಂದು ಪಾಲಿನವರೆಗೆ ತೊಂದರೆ ಇಲ್ಲ, ಆದರೆ ಅವಲಕ್ಕಿ ಕೊಡುವ ರುಚಿ ಅದು ಕೊಡುವುದಿಲ್ಲ. ಡಯಾಸ್ಟಾಟಿಕಸ್ ಯೀಸ್ಟ್, ಅಂದರೆ ಬೆಲ್ ಸೇಸೋನ್‌ನಂಥವು, ತಾವೇ ಗ್ಲೂಕೋಅಮೈಲೇಸ್ ಮಾಡಿಕೊಳ್ಳುತ್ತವೆ. ಬಿಯರ್ ಒಣಗುತ್ತದೆ ನಿಜ, ಜೊತೆಗೆ ಲವಂಗ, ಮೆಣಸಿನ ಘಾಟೂ ಬರುತ್ತದೆ. ಸೇಸೋನ್ ಅನ್ನುವ ಬೆಲ್ಜಿಯನ್ ಬಿಯರ್‌ಗೆ ಅದು ಚಂದ, ತಿಳಿ ಬಿಯರ್‌ಗೆ ಸಲ್ಲದು. ಈ ಯೀಸ್ಟ್ ಪೈಪಿನಲ್ಲಿ ಉಳಿದರೆ ಮುಂದಿನ ಬಿಯರನ್ನೂ ಹಿಡಿಯುತ್ತದೆ, ಹಾಗಾಗಿ ಅದಕ್ಕೆ ಬೇರೆಯೇ ಪೈಪ್, ಬೇರೆಯೇ ಬಕೆಟ್ ಇಟ್ಟಿದ್ದೇನೆ.

ಮನೆಯವರ, ಗೆಳೆಯರ ದಿನನಿತ್ಯದ ಗ್ಲಾಸಿಗೆ ನಾನು ಅವಲಕ್ಕಿಯನ್ನೇ ಹಿಡಿಯುತ್ತೇನೆ. ಮೇ ತಿಂಗಳಿಗೆ ಮಾತ್ರ ಮ್ಯಾಶ್‌ನಲ್ಲಿ ಎನ್ಜೈಮ್. ಆಗ ಹಾಪ್ಸ್ ಕಡಿಮೆ ಮಾಡುವುದನ್ನು ಮರೆಯಬೇಡಿ. ಸಿಹಿ ಇಲ್ಲದ ಕಡೆ ಕಹಿ ಎದ್ದು ಕುಣಿಯುತ್ತದೆ. ಅವಲಕ್ಕಿ ಬಿಯರ್‌ಗೆ 18 ಐಬಿಯು (ಕಹಿಯ ಅಳತೆ) ಹಿತವಾದರೆ ಎನ್ಜೈಮ್‌ನದಕ್ಕೆ 12 ಸಾಕು. ಗ್ಯಾಸ್ ಸ್ವಲ್ಪ ಜಾಸ್ತಿ, 2.7 ವಾಲ್ಯೂಮ್‌ವರೆಗೆ ಇಡಿ. ತೆಳುವಾದ ಬಿಯರ್‌ಗೆ ಅದರಿಂದಲೇ ಜೀವ ಬರುತ್ತದೆ.