ಬಿಎಸ್ಸಿ ಬಿಎಡ್ ನಾಲ್ಕು ವರ್ಷದ ಕೋರ್ಸ್: ಗಣಿತ ಕಲಿಯುತ್ತಾ ಕಲಿಸಿದವಳ ಅನುಭವ

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಪ್ರತಿ ವರ್ಷ ಇದೇ ಪ್ರಶ್ನೆ. "ಅಕ್ಕಾ, ಮೊದಲು ಬಿಎಸ್ಸಿ ಮುಗಿಸಿ ಆಮೇಲೆ ಬಿಎಡ್ ಮಾಡೋದಾ, ಇಲ್ಲಾ ನೀವು ಮಾಡಿದ ಹಾಗೆ ಎರಡೂ ಒಟ್ಟಿಗೇನಾ?" ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿದೆ. ಅದಕ್ಕೇ ಒಂದು ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ.

ನನ್ನದು ಅರಸೀಕೆರೆ ಕಡೆಯ ಹಳ್ಳಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ತೆಗೆದುಕೊಂಡು ನಾಲ್ಕು ವರ್ಷದ ಇಂಟಿಗ್ರೇಟೆಡ್ ಕೋರ್ಸ್ ಮುಗಿಸಿದೆ. ಈಗ ತುಮಕೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಎಂಟು, ಒಂಬತ್ತು, ಹತ್ತಕ್ಕೆ ಗಣಿತ ಕಲಿಸುತ್ತೇನೆ. ಇದು ಮೂರನೇ ವರ್ಷ. ನಾನು ಓದಿದ ಕಾಲೇಜಿನ ಹೆಸರು ಹೇಳುವುದಿಲ್ಲ. ನನಗೆ ಕಂಡ ಕೊರತೆಗಳು ಒಂದು ಕಾಲೇಜಿನವಲ್ಲ, ಆ ಕೋರ್ಸನ್ನು ಕಟ್ಟಿದ ರೀತಿಯವು ಅನ್ನುವುದು ನನ್ನ ಅನಿಸಿಕೆ.

ಮೊದಲು ಲೆಕ್ಕಾಚಾರ. ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳು ಬಂದ ಮೇಲೆ ಬಿಎಡ್ ಎರಡು ವರ್ಷ ಆಯಿತು. ಬಿಎಸ್ಸಿ ಮೂರು, ಬಿಎಡ್ ಎರಡು, ಒಟ್ಟು ಐದು ವರ್ಷ. ಒಟ್ಟಿಗೆ ಮಾಡಿದರೆ ನಾಲ್ಕು. ಒಂದು ವರ್ಷದ ಹಾಸ್ಟೆಲ್ ಖರ್ಚು ಉಳಿಯುತ್ತದೆ. ನಮ್ಮಪ್ಪ ನನ್ನನ್ನು ಸೇರಿಸಿದ್ದು ಇದೊಂದೇ ಕಾರಣಕ್ಕೆ. ಅದು ಸಣ್ಣ ಕಾರಣ ಏನಲ್ಲ.

ಈ ಮಾದರಿ ಹೊಸದೂ ಅಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಇದೆ. ಅಜ್ಮೀರ್, ಭೋಪಾಲ್, ಭುವನೇಶ್ವರದಲ್ಲೂ ಅದರ ಜೊತೆಯ ಸಂಸ್ಥೆಗಳಿವೆ. ವಿಷಯ ಮತ್ತು ಬೋಧನೆ ಎರಡನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷದ ಕೋರ್ಸ್ ಅಲ್ಲಿ ದಶಕಗಳಿಂದ ನಡೆದಿದೆ. 2023-24ರಿಂದ ದೇಶದ ಹಲವು ಕಡೆ ಐಟೆಪ್ (ಇಂಟಿಗ್ರೇಟೆಡ್ ಟೀಚರ್ ಎಜುಕೇಶನ್ ಪ್ರೋಗ್ರಾಂ) ಅನ್ನುವ ಹೆಸರಿನಲ್ಲಿ ಇಂಥದ್ದೇ ಕೋರ್ಸ್ ಶುರುವಾಗಿದೆ. ಅದಕ್ಕೆ ಸೇರಲು ಕೇಂದ್ರದ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುವ ಎನ್‌ಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಪಿಯುಸಿ ಎರಡನೇ ವರ್ಷದಲ್ಲೇ ಇದರ ಮೇಲೆ ಒಂದು ಕಣ್ಣಿಡಿ. ಸಿಇಟಿ ಗಲಾಟೆಯಲ್ಲಿ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಆಗುವುದಿಲ್ಲ.

ಈಗ ಕೋರ್ಸಿನ ಒಳಗೆ ಬರೋಣ.

ಮೊದಲ ವರ್ಷ ತುಂಬಾ ಕಷ್ಟ ಆಯಿತು. ಬೆಳಿಗ್ಗೆ ಒಂಬತ್ತೂವರೆಗೆ ಕ್ಲಾಸ್ ಶುರುವಾದರೆ ಸಂಜೆ ಐದು. ಬಿಎಸ್ಸಿ ಮಾಡುತ್ತಿದ್ದ ನನ್ನ ಗೆಳತಿಗೆ ಮಧ್ಯಾಹ್ನ ಎರಡಕ್ಕೇ ಬಿಡುವು. ನಮಗೆ ಆಗ ಎಜುಕೇಶನ್ ಪೇಪರ್‌ಗಳು ಶುರು. ಮಕ್ಕಳು ಹೇಗೆ ಕಲಿಯುತ್ತಾರೆ ಅನ್ನುವ ಪಿಯಾಜೆ, ವೈಗಾಟ್ಸ್‌ಕಿ ಸಿದ್ಧಾಂತಗಳು, ಕಲಿಕೆಯ ಉದ್ದೇಶಗಳ ಬ್ಲೂಮ್ ವರ್ಗೀಕರಣ. ರಿಯಲ್ ಅನಾಲಿಸಿಸ್‌ನಲ್ಲಿ ಎಪ್ಸಿಲಾನ್ ಡೆಲ್ಟಾ ಬಂದಾಗ ನಾನು ಮೂರು ವಾರ ಸುಮ್ನೆ ಬರೆದುಕೊಂಡೆ. ಒಂದು ಸಾಲೂ ಅರ್ಥ ಆಗಲಿಲ್ಲ. ಇಂಗ್ಲಿಷ್ ಒಂದು ಕಡೆ, ಅದರ ಒಳಗಿನ ಗಣಿತ ಇನ್ನೊಂದು ಕಡೆ.

ಆಗ ನನ್ನನ್ನು ಕಾಡಿದ್ದು ಒಂದೇ ಮಾತು. ಹೈಸ್ಕೂಲಿನಲ್ಲಿ ಭಿನ್ನರಾಶಿ ಕಲಿಸಲು ಇದೆಲ್ಲ ಯಾಕೆ ಬೇಕು? ಕಾಲೇಜಿನಲ್ಲಿ ಯಾರೂ ಇದಕ್ಕೆ ಉತ್ತರ ಹೇಳಲಿಲ್ಲ. ಬೆಳಿಗ್ಗೆ ಗಣಿತ ಮಾಡುವವರಿಗೆ ಮಧ್ಯಾಹ್ನದ ಪಾಠ ಏನೆಂದು ಗೊತ್ತಿಲ್ಲ. ಮಧ್ಯಾಹ್ನದವರಿಗೆ ಬೆಳಿಗ್ಗೆಯದು ಬೇಕಿಲ್ಲ. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ 1908ರಲ್ಲೇ ಇದನ್ನು ಹೇಳಿದ್ದ ಅಂತ ಆಮೇಲೆ ಓದಿದೆ. ಯೂನಿವರ್ಸಿಟಿಗೆ ಹೋದ ಹುಡುಗ ಶಾಲೆಯ ಗಣಿತ ಮರೆಯುತ್ತಾನೆ. ಮೇಷ್ಟ್ರಾಗಿ ಶಾಲೆಗೆ ವಾಪಸ್ ಬಂದಾಗ ಯೂನಿವರ್ಸಿಟಿಯ ಗಣಿತ ಮರೆಯುತ್ತಾನೆ. ಕೊಂಡಿ ಎರಡು ಸಲ ಕಳಚುತ್ತದೆ. ಓದಿದಾಗ ನನ್ನ ಹೊಟ್ಟೆಯೊಳಗಿನ ಮಾತನ್ನೇ ಯಾರೋ ಆಡಿದ ಹಾಗಾಯಿತು.

ನಾಲ್ಕು ವರ್ಷದ ಕೋರ್ಸ್ ಮಾಡುವುದೇ ಆ ಕೊಂಡಿ ಕಳಚದಿರಲಿ ಅಂತ, ಅಲ್ವಾ? ನನ್ನ ಮಟ್ಟಿಗೆ ಅದು ಕೂಡಿದ್ದು ಕ್ಲಾಸ್‌ರೂಮಿನಲ್ಲಿ ಅಲ್ಲ, ಇಂಟರ್ನ್‌ಶಿಪ್‌ನಲ್ಲಿ. ಅದೂ ಮಕ್ಕಳಿಂದ.

ನಮಗೆ 16 ವಾರ ಇಂಟರ್ನ್‌ಶಿಪ್ ಇತ್ತು. ನನಗೆ ಸಿಕ್ಕಿದ್ದು ಒಂದು ಸರ್ಕಾರಿ ಹೈಸ್ಕೂಲ್. ಎಂಟನೇ ಕ್ಲಾಸಿಗೆ ಋಣ ಸಂಖ್ಯೆಗಳ ಗುಣಾಕಾರ ನೆನಪಿಸುತ್ತಿದ್ದೆ. ಮೈನಸ್ ಇಂಟು ಮೈನಸ್ ಪ್ಲಸ್ ಅಂತ ಬೋರ್ಡಿನ ಮೇಲೆ ಬರೆದು ಅದರ ಸುತ್ತ ಚೌಕ ಹಾಕಿದೆ. ಎರಡನೇ ಬೆಂಚಿನ ಹುಡುಗ ಎದ್ದು ನಿಂತ. "ಮಿಸ್, ಸಾಲದ ಮೇಲೆ ಸಾಲ ಮಾಡಿದ್ರೆ ದುಡ್ಡು ಹೆಂಗೆ ಬರ್ತದೆ?" ಇಡೀ ಕ್ಲಾಸ್ ನಕ್ಕಿತು. ನಾನು ನಗಲಿಲ್ಲ. ಅವನ ಪ್ರಶ್ನೆ ಸರಿಯಾಗಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಹಿಂದಿನ ಸೆಮಿಸ್ಟರಿನ ರಿಂಗ್ ಥಿಯರಿ (ಬೀಜಗಣಿತದ ಒಂದು ಭಾಗ) ನೋಟ್ಸ್ ತೆಗೆದೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಅಂತ ಬಾಯಿಪಾಠ ಮಾಡಿದ್ದ ಮೂರು ಸಾಲಿನ ಸಾಧನೆ ಅಲ್ಲೇ ಇತ್ತು. ಅದನ್ನು ಅಂಕಿಯಲ್ಲಿ ಬರೆದುಕೊಂಡೆ. 5 ಮತ್ತು −5 ಕೂಡಿಸಿದರೆ ಸೊನ್ನೆ. ಆ ಸೊನ್ನೆಯನ್ನು −3ರಿಂದ ಗುಣಿಸಿದರೂ ಸೊನ್ನೆಯೇ. ಬಿಡಿಸಿ ಗುಣಿಸಿದರೆ −3 ಇಂಟು 5, ಅಂದರೆ −15. ಅದಕ್ಕೆ −3 ಇಂಟು −5 ಕೂಡಿಸಬೇಕು. ಒಟ್ಟು ಸೊನ್ನೆ ಆಗಲೇಬೇಕು. ಹಾಗಾದರೆ ಆ ಎರಡನೆಯದು 15 ಆಗದೆ ಬೇರೆ ದಾರಿಯೇ ಇಲ್ಲ.

ಮಾರನೇ ದಿನ ಮೊದಲು ಬೋರ್ಡಿನ ಮೇಲೆ ಒಂದು ಸಾಲು ಇಳಿಸಿದೆ. 3 ಇಂಟು −2 ಅಂದರೆ −6. 2 ಇಂಟು −2 ಅಂದರೆ −4. 1 ಇಂಟು −2 ಅಂದರೆ −2. ಸೊನ್ನೆ ಇಂಟು −2 ಸೊನ್ನೆ. ಪ್ರತಿ ಸಲ ಎರಡೆರಡು ಏರುತ್ತಿದೆ. "ಮುಂದಿನದು ಏನು?" ಅಂದೆ. ಆ ಹುಡುಗನೇ "ಎರಡು" ಅಂದ. ಆಮೇಲೆ ರಾತ್ರಿ ಬರೆದುಕೊಂಡ ಲೆಕ್ಕ ತೋರಿಸಿದೆ. ಅವನು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದ. "ಸಾಲದ ಲೆಕ್ಕ ಇದಕ್ಕೆ ಹೊಂದಲ್ಲ ಬಿಡಿ ಮಿಸ್, ಇದು ಗುಣಾಕಾರದ್ದೇ ಮಾತು" ಅಂದ. ಬೀಜಗಣಿತ ಓದಿದ್ದಕ್ಕೆ ನನಗೆ ಅವತ್ತು ಸಿಕ್ಕಷ್ಟು ಖುಷಿ ಯಾವ ಮಾರ್ಕ್ಸ್ ಕಾರ್ಡಿನಿಂದಲೂ ಸಿಕ್ಕಿಲ್ಲ.

ಇಂಥ ದಿನಗಳು 16 ವಾರದಲ್ಲಿ ಐದಾರು ಸಿಕ್ಕವು. ಈ ಕೋರ್ಸಿನ ನಿಜವಾದ ಬೆಲೆ ಅಷ್ಟರಲ್ಲೇ ಇದೆ. ಮೊದಲು ಬಿಎಸ್ಸಿ, ಆಮೇಲೆ ಬಿಎಡ್ ಮಾಡಿದವರಿಗೆ ಆ ಹೊತ್ತಿಗೆ ರಿಂಗ್ ಥಿಯರಿ ನೋಟ್ಸ್ ಅಟ್ಟ ಸೇರಿರುತ್ತದೆ. ನನ್ನದು ಮಂಚದ ಕೆಳಗೇ ಇತ್ತು.

ಈಗ ಬೇಜಾರಾದ ವಿಷಯ. ಪಾಠ ಯೋಜನೆ. ಪೀಠಿಕೆ, ಉದ್ದೇಶ ಕಥನ, ಬೋಧನಾಂಶ, ಮೌಲ್ಯಮಾಪನ ಅಂತ ಕಾಲಂ ಹಾಕಿ, ಮಾರ್ಜಿನ್ ಎಳೆದು, ಸ್ಕೆಚ್ ಪೆನ್ನಿನಲ್ಲಿ ಅಡಿಗೆರೆ ಹಾಕಿ ರೆಕಾರ್ಡ್ ಬರೆಯಬೇಕು. ಒಂದು ಪಾಠಕ್ಕೆ ಎರಡು ಗಂಟೆ. ಅದರಲ್ಲಿ ಗಣಿತ ಯೋಚಿಸಿದ್ದು ಹತ್ತು ನಿಮಿಷವೂ ಇಲ್ಲ. ಚಾರ್ಟ್, ಥರ್ಮಾಕೋಲ್, ಬಣ್ಣ ಅಂತ ಒಂದು ಸೆಮಿಸ್ಟರಿಗೆ ನನಗೆ ಸುಮಾರು 2,000 ರೂಪಾಯಿ ಖರ್ಚಾಯಿತು. ಮನೆಯಿಂದ ದುಡ್ಡು ಕೇಳುವಾಗ ಪ್ರತಿ ಸಲ ಮುಜುಗರ.

ಪಾಠ ನೋಡಲು ಬಂದವರಲ್ಲಿ ಹೆಚ್ಚಿನವರು ಗಣಿತದವರಲ್ಲ. ಒಂದು ದಿನ ಒಂಬತ್ತನೇ ಕ್ಲಾಸಿನಲ್ಲಿ ಪೈ ಅಭಾಗಲಬ್ಧ, ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ್ದು ಅಂತ ಹೇಳಿದೆ. ಅದೇ ಪೀರಿಯಡ್‌ನಲ್ಲಿ ಪೈ ಸಮ 22/7 ಅಂತ ಬೋರ್ಡಿನ ಮೇಲೆ ಬರೆದೆ. 22/7 ಭಿನ್ನರಾಶಿ. ಅಭಾಗಲಬ್ಧ ಆಗುವುದು ಸಾಧ್ಯವೇ ಇಲ್ಲ. ಅದು ಹತ್ತಿರದ ಬೆಲೆ ಮಾತ್ರ ಅಂತ ನಾನು ಹೇಳಬೇಕಿತ್ತು, ಹೇಳಲಿಲ್ಲ. ಹಿಂದೆ ಕೂತವರು ನನ್ನ ರೆಕಾರ್ಡಿನಲ್ಲಿ ಬರೆದದ್ದು ಎರಡು ಸಾಲು. ಚಾರ್ಟಿನ ಅಕ್ಷರ ಚಿಕ್ಕದು, ಕಪ್ಪುಹಲಗೆ ಬಳಕೆ ಚೆನ್ನಾಗಿದೆ. ತಪ್ಪು ನನ್ನ ಗಮನಕ್ಕೆ ಬಂದದ್ದು ಮೂರು ದಿನದ ಮೇಲೆ, ಒಂದು ಹುಡುಗಿಯ ನೋಟ್‌ಬುಕ್ ತಿದ್ದುವಾಗ. ಎರಡೂ ಸಾಲು ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಬರೆದುಕೊಂಡಿದ್ದಳು. ಮಾರನೇ ದಿನ ಇಡೀ ಕ್ಲಾಸಿಗೆ ಹೇಳಿ ಸರಿ ಮಾಡಿಸಿದೆ. ಗಣಿತ ಬಲ್ಲ ಒಬ್ಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರೆ ಅವತ್ತೇ ಮುಗಿಯುತ್ತಿತ್ತು. ಇದಕ್ಕೆ ನನಗೆ ಈಗಲೂ ಸಿಟ್ಟಿದೆ.

ಇನ್ನೊಂದು ಕೊರತೆ ಆಳದ್ದು. ನಾಲ್ಕು ವರ್ಷದಲ್ಲಿ ಎರಡು ಡಿಗ್ರಿ ತುರುಕಿದಾಗ ಎಲ್ಲೋ ಒಂದು ಕಡೆ ಕತ್ತರಿ ಬೀಳಲೇಬೇಕು. ನಮಗೆ ಕಾಂಪ್ಲೆಕ್ಸ್ ಅನಾಲಿಸಿಸ್ ಓಡೋಡಿ ಮುಗಿಯಿತು. ಎಂಎಸ್ಸಿಗೆ ಹೋದ ನನ್ನ ಬ್ಯಾಚಿನ ಇಬ್ಬರು ಮೊದಲ ಸೆಮಿಸ್ಟರಿನಲ್ಲಿ ತುಂಬಾ ಒದ್ದಾಡಿದರು. ಎಂಎಸ್ಸಿ, ಪಿಎಚ್‌ಡಿ ಅಂತ ಗಣಿತದಲ್ಲೇ ಮುಂದೆ ಹೋಗುವ ಆಸೆ ಇದ್ದರೆ ಬಿಎಸ್ಸಿ ಬೇರೆಯಾಗಿ ಮಾಡಿ.

ಕನ್ನಡದ ಮಾತು ಹೇಳಲೇಬೇಕು. ಪಿಯುಸಿಯಿಂದ ಆರು ವರ್ಷ ಗಣಿತ ಇಂಗ್ಲಿಷಿನಲ್ಲಿ ಓದಿ, ಕನ್ನಡ ಮಾಧ್ಯಮದ ಮಕ್ಕಳ ಎದುರು ನಿಂತಾಗ ನಾಲಿಗೆಗೆ ಪದ ಬರುವುದಿಲ್ಲ. ಟ್ಯಾಂಜೆಂಟ್ ಗೊತ್ತು, ಸ್ಪರ್ಶಕ ಮರೆತಿರುತ್ತದೆ. ಸಿಮಿಲರ್ ಅಂದರೆ ಸಮರೂಪವೋ ಸರ್ವಸಮವೋ ಅಂತ ಒಂದು ಕ್ಷಣ ತಡವರಿಸುತ್ತೇವೆ. ಅದನ್ನು ಕಲಿಸುವ ಒಂದು ಗಂಟೆಯೂ ನಮ್ಮ ಕೋರ್ಸಿನಲ್ಲಿ ಇರಲಿಲ್ಲ. ನಾನು ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಿಂದ ಎಂಟು, ಒಂಬತ್ತು, ಹತ್ತರ ಗಣಿತ ಪುಸ್ತಕಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇಳಿಸಿಕೊಂಡೆ. ದುಡ್ಡು ಕೊಡಬೇಕಿಲ್ಲ. ಪಕ್ಕಪಕ್ಕ ಇಟ್ಟುಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಪದಗಳ ಪಟ್ಟಿ ಮಾಡಿದೆ. ಸೇರುವವರು ಮೂರನೇ ವರ್ಷದ ರಜೆಯಲ್ಲೇ ಈ ಕೆಲಸ ಮಾಡಿಕೊಳ್ಳಿ.

ಚೆನ್ನಾಗಿದ್ದದ್ದೂ ಇವೆ. ಜಿಯೋಜಿಬ್ರಾ ಅನ್ನುವ ಗಣಿತದ ಸಾಫ್ಟ್‌ವೇರಿನ ಲ್ಯಾಬ್ ನಾಲ್ಕೇ ತರಗತಿ ಇತ್ತು, ಆದರೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಅದು ಉಚಿತ, ಫೋನಿನಲ್ಲೂ ಓಡುತ್ತದೆ. ಗಣಿತದ ಇತಿಹಾಸದ ಒಂದು ಪುಟ್ಟ ಪೇಪರ್ ಇತ್ತು. ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ, ನನಗೆ ಮಾತ್ರ ಪ್ರಾಣ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ದೊಡ್ಡ ಗಣಿತಜ್ಞ. ಅವನೂ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಅಂತ ಬರೆದ. ನನ್ನ ಮಕ್ಕಳು 7 ಭಾಗಿಸು ಸೊನ್ನೆ ಏಳೇ ಅಂದಾಗ ಇದನ್ನು ಹೇಳುತ್ತೇನೆ. ಅಷ್ಟು ದೊಡ್ಡವನಿಗೂ ಹಾಗೆ ಅನಿಸಿತ್ತು ಅಂದ ತಕ್ಷಣ ತಪ್ಪು ಹೇಳಿದ ಮಗುವಿನ ಮುಖ ಅರಳುತ್ತದೆ. ಆಮೇಲೆ ಏಳನ್ನು ಸೊನ್ನೆಯಿಂದ ಗುಣಿಸಿ ನೋಡು, ಏಳು ವಾಪಸ್ ಬರುತ್ತಾ ಅಂತ ಕೇಳುತ್ತೇನೆ.

ಕೆಲಸದ ವಿಚಾರ ಚುಟುಕಾಗಿ. ಪಿಸಿಎಂ ತೆಗೆದುಕೊಂಡರೆ ಹೈಸ್ಕೂಲಿನಲ್ಲಿ ಗಣಿತದ ಜೊತೆ ವಿಜ್ಞಾನವೂ ತಲೆಗೆ ಬರಬಹುದು, ತಯಾರಾಗಿರಿ. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ 150 ಅಂಕದಲ್ಲಿ ಶಿಶು ವಿಕಾಸಕ್ಕೇ 30 ಇದೆ. ಮಧ್ಯಾಹ್ನದ ಪಾಠಗಳನ್ನು ನಿದ್ದೆಗಣ್ಣಲ್ಲಿ ಕೇಳಿದ್ದರೂ ಅಲ್ಲಿ ಕೈ ಹಿಡಿಯುತ್ತವೆ.

ಅಂಕ ಕೊಡಿ ಅಂದರೆ ಇಂಟರ್ನ್‌ಶಿಪ್‌ಗೆ ಐದಕ್ಕೆ ಐದು. ಗಣಿತದ ಪಾಠಕ್ಕೆ ಮೂರೂವರೆ. ರೆಕಾರ್ಡ್ ಬರೆಸುವುದಕ್ಕೆ ಒಂದು. ಒಟ್ಟಾರೆ ನಾಲ್ಕು ಕೊಡುತ್ತೇನೆ, ಮನಸಾರೆ. ಹೈಸ್ಕೂಲ್ ಟೀಚರ್ ಆಗಬೇಕು ಅನ್ನುವುದು ಗಟ್ಟಿ ಇದ್ದರೆ ಸೇರಿ. ಇನ್ನೂ ಡೋಲಾಯಮಾನ ಇದ್ದರೆ ಬೇಡ. ಎರಡನೇ ವರ್ಷದಲ್ಲಿ ಬಿಟ್ಟು ಹೋದವರು ನಮ್ಮ ಬ್ಯಾಚಿನಲ್ಲೇ ಇದ್ದರು. ಅವರಿಗೆ ಅತ್ತ ಬಿಎಸ್ಸಿಯೂ ಇಲ್ಲ, ಇತ್ತ ಬಿಎಡ್ಡೂ ಇಲ್ಲ.

ಸೇರುವ ಮುಂಚೆ ಕಾಲೇಜಿಗೆ ಹೋಗಿ ಎರಡು ಪ್ರಶ್ನೆ ಕೇಳಿ. ನಿಮ್ಮ ಆವರಣದಲ್ಲೋ ನಡೆದು ಹೋಗುವ ದೂರದಲ್ಲೋ ಶಾಲೆ ಇದೆಯಾ? ಮೈಸೂರಿನ ಸಂಸ್ಥೆಯ ಆವರಣದಲ್ಲೇ ಒಂದು ಶಾಲೆ ಇದೆ, ಅದು ದೊಡ್ಡ ಅನುಕೂಲ. ಎರಡನೆಯದು, ನಾವು ಪಾಠ ಮಾಡುವಾಗ ಗಣಿತ ವಿಭಾಗದವರು ಬಂದು ಕೂರುತ್ತಾರಾ? ಎರಡನೆಯದಕ್ಕೆ ತಡವರಿಸಿದರೆ ಹೋದ ವರ್ಷದ ಹುಡುಗರನ್ನು ಹುಡುಕಿ ಕೇಳಿ.

ಹೋದ ತಿಂಗಳು ಹತ್ತನೇ ಕ್ಲಾಸಿನಲ್ಲಿ √2 ಅಭಾಗಲಬ್ಧ ಅಂತ ಸಾಧಿಸುತ್ತಿದ್ದೆ. ಪಿ ವರ್ಗವನ್ನು 2 ಭಾಗಿಸಿದರೆ ಪಿಯನ್ನೂ ಭಾಗಿಸುತ್ತದೆ ಅನ್ನುವ ಸಾಲಿಗೆ ಬಂದೆ. ಒಬ್ಬಳು ಕೈ ಎತ್ತಿದಳು. "ಮಿಸ್, ಇದೇ ಲೆಕ್ಕ √4ಕ್ಕೆ ಹಾಕಿದರೆ ಅದೂ ಅಭಾಗಲಬ್ಧ ಅಂತ ಬರಲ್ವಾ?" ಚಾಕ್ ಅವಳ ಕೈಗೆ ಕೊಟ್ಟೆ. ಅವಳು ಬರೆಯುತ್ತಾ ಹೋದಳು. ಪಿ ವರ್ಗವನ್ನು 4 ಭಾಗಿಸುತ್ತದೆ, ಹಾಗಾದರೆ ಪಿಯನ್ನೂ... ಅಲ್ಲಿ ನಿಂತಳು. "ಆರು ತಗೊಂಡು ನೋಡು" ಅಂದೆ. ಆರರ ವರ್ಗ 36. ಅದನ್ನು 4 ಭಾಗಿಸುತ್ತದೆ. ಆರನ್ನು ಭಾಗಿಸುವುದಿಲ್ಲ. "ಓ, 2 ಅವಿಭಾಜ್ಯ ಅನ್ನೋದು ಇಲ್ಲಿ ಬೇಕು!" ಅಂತ ಜೋರಾಗಿ ಅಂದಳು. ಬೆಲ್ ಹೊಡೆಯಿತು, ಬಿಸಿಯೂಟಕ್ಕೆ ಹೊರಟ ಮಕ್ಕಳಲ್ಲಿ ನಾಲ್ಕೈದು ಜನ ತಟ್ಟೆ ಹಿಡಿದುಕೊಂಡೇ ಬೋರ್ಡಿನ ಹತ್ತಿರ ಬಂದು √9 ಶುರು ಮಾಡಿದರು.