ಹೈಗೇಟಾ, ಕೆನ್ಸಲ್ ಗ್ರೀನಾ, ನನ್‌ಹೆಡ್ಡಾ? ಲಂಡನ್ನಿನ ಕಾಡು ಬೆಳೆದ ಹಳೇ ಸ್ಮಶಾನಗಳನ್ನ ಸುತ್ತಿ ಬಂದ ಮೇಲೆ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ನನ್‌ಹೆಡ್‌ಗೆ. ಪೂರ್ತಿ ಓದೋಕೆ ಟೈಮ್ ಇಲ್ಲದವರು ಇಲ್ಲಿಗೇ ನಿಲ್ಲಿಸಿ, ಕೆಸರಾದ್ರೂ ಬೇಜಾರಾಗದಂಥ ಒಂದು ಜೊತೆ ಶೂ ಹುಡುಕಿ ಇಟ್ಕೊಳಿ, ಅಷ್ಟು ಸಾಕು.

ಸ್ಮಶಾನ ಸುತ್ತೋ ಚಟ ನನಗೆ ಹೇಗೆ ಅಂಟಿತು ಅಂತ ಕೇಳಬೇಡಿ, ಊರಲ್ಲಿದ್ದಾಗ ಆ ಕಡೆ ತಲೆ ಹಾಕಿ ಮಲಗಿದವರಲ್ಲ ನಾವು. ಈಗಲೂ ಶನಿವಾರ ಅಮ್ಮ ವಿಡಿಯೋ ಕಾಲ್ ಮಾಡಿದಾಗ ಹಿಂದೆ ಶಿಲುಬೆ ಕಂಡ್ರೆ "ತಲೆ ಮೇಲೆ ನೀರು ಹಾಕ್ಕೊಂಡೇ ಮನೆ ಒಳಗೆ ಹೋಗು" ಅಂತ ಶುರು ಮಾಡ್ತಾರೆ. ಹಾಕ್ಕೊಳ್ತೀನಮ್ಮ, ಮೊಣಕಾಲ ತನಕ ಕೆಸರಿರುತ್ತೆ, ಹಾಕ್ಕೊಳ್ಳದೆ ಇನ್ನೇನು ಮಾಡ್ಲಿ.

ಗೊತ್ತಿಲ್ಲದವರಿಗೆ ಎರಡು ಮಾತು. 1800ರ ಹೊತ್ತಿಗೆ ಹತ್ತು ಲಕ್ಷದ ಆಸುಪಾಸು ಇದ್ದ ಲಂಡನ್ ಜನಸಂಖ್ಯೆ ಐವತ್ತು ವರ್ಷದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಆಗಿ, ಚರ್ಚ್ ಅಂಗಳಗಳಲ್ಲಿ ಹೂಳೋಕೆ ಜಾಗನೇ ಇಲ್ಲದಂಗಾಯ್ತು, ಮೇಲಿಂದ ಕಾಲರಾ ಬೇರೆ. ಆಗ ಖಾಸಗಿ ಕಂಪನಿಗಳು ಊರ ಹೊರಗೆ ಗುಡ್ಡ, ಹೊಲ ಹಿಡಿದು, ನಮ್ಮ ಕಡೆ ಲೇಔಟ್ ಮಾಡಿ ಸೈಟ್ ಮಾರಿದ ಹಾಗೆ ಸಮಾಧಿ ಜಾಗ ಮಾರೋಕೆ ಶುರು ಮಾಡಿದ್ರು. 1833ರಿಂದ 1841ರೊಳಗೆ ಏಳು ದೊಡ್ಡ ಸ್ಮಶಾನ ಎದ್ದವು. ಲೇಔಟಿನ ರೋಗ ನಿಮಗೆ ಗೊತ್ತಲ್ಲ, ಸೈಟೆಲ್ಲ ಮಾರಿ ಮುಗಿದ ಮೇಲೆ ಮೇಂಟೆನೆನ್ಸ್‌ಗೆ ದುಡ್ಡೆಲ್ಲಿಂದ ಬರ್ಬೇಕು? ಇಪ್ಪತ್ತನೇ ಶತಮಾನದಲ್ಲಿ ಸುಮಾರು ಕಂಪನಿಗಳು ಕೈಚೆಲ್ಲಿದವು, ಕತ್ತರಿಸೋರಿಲ್ಲದೆ ಸಿಕಮೋರ್, ಆಶ್ ಮರ, ಐವಿ ಬಳ್ಳಿ ಎಲ್ಲ ಮೇಲೆದ್ದು ಕಾಡಾಯ್ತು. ನಾವು ನೋಡೋಕೆ ಹೋಗೋದು ಆ ಕಾಡನ್ನೇ.

ಹೈಗೇಟ್‌ಗೆ ಹೋಗಿದ್ದು ಅಪ್ಪನಿಗೋಸ್ಕರ. ಅಪ್ಪ ದಾವಣಗೆರೆ ಹತ್ತಿ ಮಿಲ್ಲಲ್ಲಿ ಇದ್ದವರು, ಯೂನಿಯನ್ ಮನುಷ್ಯ, ಲಂಡನ್ನಿಗೆ ಬಂದಾಗ ಅರಮನೆ ಬೇಡ, ದೊಡ್ಡ ಗಡಿಯಾರ ಬೇಡ, ಮಾರ್ಕ್ಸ್ ಸಮಾಧಿ ತೋರಿಸು ಅಂದ್ರು. ಅಲ್ಲಿ ಟಿಕೆಟ್ ಇದೆ, ನಾವು ಹೋದಾಗ ಪೂರ್ವ ಪಶ್ಚಿಮ ಎರಡೂ ಭಾಗ ಸೇರಿ ಒಬ್ಬರಿಗೆ 10 ಪೌಂಡ್. ಮಾರ್ಕ್ಸ್ ನೋಡೋಕೂ ಟಿಕೆಟ್ಟಾ ಅನ್ನೋ ಜೋಕು ಎಲ್ಲರೂ ಹೊಡೀತಾರೆ, ಅಪ್ಪ ಹೊಡೀಲಿಲ್ಲ. ಅವರು ಕೇಳಿದ್ದು "ಇದ್ರಲ್ಲಿ ಗಿಡ ಕಡಿಯೋರಿಗೆ ಎಷ್ಟು ಕೊಡ್ತಾರೆ?" ಅಂತ. ನನ್ನ ಹತ್ರ ಉತ್ತರ ಇರ್ಲಿಲ್ಲ.

ಆರ್ಚ್‌ವೇ ಸ್ಟೇಷನ್ನಿಂದ ಗುಡ್ಡ ಹತ್ತಿ, ವಾಟರ್ಲೋ ಪಾರ್ಕ್ ದಾಟಿ, ಅಪ್ಪನ ಮಂಡಿ ಮೂರು ಕಡೆ ಕೂತು ಎದ್ದು, ಕೊನೆಗೆ ತಲುಪಿದ್ವಿ. ಮಾರ್ಕ್ಸ್ ತೀರಿಕೊಂಡಿದ್ದು 1883ರಲ್ಲಿ, ಆದ್ರೆ ಈಗ ಕಾಣೋ ಆ ಭಾರೀ ಕಂಚಿನ ತಲೆ ಕೂರಿಸಿದ್ದು 1956ರಲ್ಲಿ, ಅದಕ್ಕೂ ಮುಂಚೆ ಅದೇ ಸ್ಮಶಾನದ ಒಂದು ಮೂಲೇಲಿ ಸಣ್ಣ ಕಲ್ಲಿನ ಕೆಳಗೆ ಇದ್ರಂತೆ. ಅಪ್ಪ ಹತ್ತು ನಿಮಿಷ ಕೈಕಟ್ಟಿ ನಿಂತು, "ಆ ಮೂಲೆನೇ ಚೆನ್ನಾಗಿತ್ತೇನೋ" ಅಂದ್ರು. ಪಶ್ಚಿಮ ಭಾಗ ಮಾತ್ರ ನಿಜಕ್ಕೂ ನೋಡೋ ಹಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಈಜಿಪ್ಟ್ ಶೈಲಿ ಕಂಬಗಳ ಮಧ್ಯೆ ಹೊಕ್ಕರೆ ಎರಡೂ ಕಡೆ ಕಬ್ಬಿಣದ ಬಾಗಿಲಿನ ಗೂಡುಗಳ ಸಾಲು, ಅಲ್ಲಿಂದ ಹೊರಗೆ ಬಂದ್ರೆ ದುಂಡಗೆ ಕಟ್ಟಿದ ಸಮಾಧಿಗಳ ವೃತ್ತ. ಆ ವೃತ್ತದ ನಡುವೆ ಸ್ಮಶಾನಕ್ಕಿಂತ ಹಳೇದಾದ ಒಂದು ದೊಡ್ಡ ಸೀಡರ್ ಮರ ಇತ್ತು, ರೋಗ ಬಂದು 2019ರಲ್ಲಿ ತೆಗೆದ್ರು, ಈಗ ಎಳೇ ಗಿಡ ಇದೆ. ಪ್ರಾಣಿ ಪ್ರದರ್ಶನ ಊರೂರಿಗೆ ಒಯ್ತಿದ್ದ ಜಾರ್ಜ್ ವಾಂಬ್‌ವೆಲ್‌ನ ಗೋರಿ ಮೇಲೆ ಕಲ್ಲಿನ ಸಿಂಹ ಮಲಗಿದೆ, ಮುಂಗಾಲ ಮೇಲೆ ಮೂತಿ ಇಟ್ಟು, ಪಕ್ಕಾ ಬೀದಿನಾಯಿ ಮಧ್ಯಾಹ್ನ ಮಲಗಿದ ಹಾಗೆ.

ಎಲ್ಲ ಚೆನ್ನಾಗಿದೆ. ಆದ್ರೆ ಒಂದು ಸಲಕ್ಕೆ. ಪ್ರತಿ ಶನಿವಾರ ಹೋಗೋ ಜಾಗ ಅಲ್ಲ, ನನ್ನ ಮನೆ ಇರೋದು ಲೂಯಿಷಮ್ ಕಡೆ, ಎರಡು ಟ್ರೈನ್ ಬದಲಾಯಿಸಿ ಟಿಕೆಟ್ ಕೊಟ್ಟು ಒಳಗೆ ಹೋದ್ಮೇಲೆ ಕೊಟ್ಟ ದುಡ್ಡಿಗೆ ಎಲ್ಲ ನೋಡಿಬಿಡ್ಬೇಕು ಅನ್ನೋ ಆತುರ ಹತ್ಕೊಳ್ಳತ್ತೆ, ಮ್ಯಾಪ್ ಹಿಡ್ಕೊಂಡು ಹೆಸರು ಟಿಕ್ ಮಾಡ್ತಾ ಓಡಾಡೋದಾಗತ್ತೆ.

ಹೆಸರು ಹುಡುಕೋ ಕಷ್ಟ ಏನು ಅಂತ ಗೊತ್ತಾಗ್ಬೇಕಂದ್ರೆ ಕೆನ್ಸಲ್ ಗ್ರೀನ್‌ಗೆ ಹೋಗ್ಬೇಕು. ಇದು ಏಳರಲ್ಲಿ ಮೊದಲನೇದು, 1833, ರಾಣಿ ವಿಕ್ಟೋರಿಯಾ ಪಟ್ಟಕ್ಕೆ ಬರೋಕೆ ನಾಲ್ಕು ವರ್ಷ ಮುಂಚೆನೇ. 72 ಎಕರೆ, ಪಕ್ಕದಲ್ಲೇ ಕಾಲುವೆ, ಒಳಗೆ ಹೋಗೋಕೆ ದುಡ್ಡಿಲ್ಲ. ನನ್ನ ಆಫೀಸಿನ ಬಂಗಾಳಿ ಗೆಳೆಯ ಒಬ್ಬ ಕೊಲ್ಕತ್ತಾಗೆ ವಾಪಸ್ ಹೋಗ್ತಾ ಒಂದೇ ಒಂದು ಕೆಲಸ ಹೇಳಿದ್ದ: ರವೀಂದ್ರನಾಥ ಟ್ಯಾಗೋರರ ತಾತ ದ್ವಾರಕಾನಾಥ ಟ್ಯಾಗೋರ್ ಅಲ್ಲಿದ್ದಾರೆ, 1846ರಲ್ಲಿ ಲಂಡನ್ನಲ್ಲೇ ತೀರಿಕೊಂಡವರು, ನಮ್ಮ ತಂದೆಗೆ ಆ ಗೋರಿದೊಂದು ಫೋಟೋ ಬೇಕು. ಅದೇನು ಮಹಾ, ಅರ್ಧ ಗಂಟೆ ಕೆಲಸ ಅಂದ್ಕೊಂಡೆ.

ಅವನು ಒಂದು ನಂಬರ್ ಕಳಿಸಿದ್ದ, ಮೂರು ಸಂಖ್ಯೆ, ಮಧ್ಯೆ ಎರಡು ಓರೆ ಗೆರೆ. ನಾನು ಅದನ್ನ ನಮ್ಮ ಕಡೆ ಮನೆ ನಂಬರ್ ಥರ ಓದಿದೆ, ಮೊದಲನೇದು ಬ್ಲಾಕ್, ಎರಡನೇದು ಸಾಲು, ಮೂರನೇದು ಗೋರಿ ಅಂತ. ಒಂದೂವರೆ ಗಂಟೆ ಇಲ್ಲದ ಬ್ಲಾಕ್ ಹುಡುಕಿದ್ದಾಯ್ತು. ಅಲ್ಲಿ ನಾಯಿ ಜೊತೆ ಬಂದಿದ್ದ ಒಬ್ಬ ವಯಸ್ಸಾದಾಕೆ ನೋಡಿ ನಕ್ಕು ಹೇಳಿಕೊಟ್ರು: ಮೊದಲನೇ ದೊಡ್ಡ ಸಂಖ್ಯೆನೇ ಗೋರಿ ನಂಬರ್, ಮಧ್ಯದ್ದು ಚೌಕ, ಕೊನೇದು ಆ ಚೌಕದೊಳಗಿನ ಸಾಲು. ಅಂದ್ರೆ ಪೂರ್ತಿ ತಿರುಗಾಮುರುಗಾ ಹಿಡಿದಿದ್ದೆ.

ಸರಿ, ಚೌಕ ಸಿಕ್ತು. ಆಮೇಲೆ ಸಾಲು ಎಣಿಸ್ಬೇಕು. ಯಾವ ಸಾಲು? ಇನ್ನೂರು ವರ್ಷ ಹತ್ರ ಹಳೇ ಮಣ್ಣು ಕುಸಿದು ಒಂದು ಕಲ್ಲು ಎಡಕ್ಕೆ ಇನ್ನೊಂದು ಬಲಕ್ಕೆ ವಾಲಿದೆ, ಎರಡರ ನಡುವೆ ಮರ ಎದ್ದು ಮೂರನೇದನ್ನ ಬುಡದಲ್ಲಿ ಅರ್ಧ ನುಂಗಿದೆ, ಕೆಲವು ಬೋರಲು ಬಿದ್ದಿವೆ, ಹೆಸರು ಮಣ್ಣಿಗೆ ಮುಖ ಮಾಡಿದೆ. ನಿಂತಿರೋ ಕಲ್ಲಿಗೆ ಐವಿ. ಈ ಐವಿ ವಿಷಯ ಹತ್ರದಿಂದ ನೋಡಿದ್ರೇ ಅರ್ಥ ಆಗೋದು, ಬಳ್ಳಿಯ ಹೊಟ್ಟೆ ತುಂಬ ಜರಿ ಹುಳದ ಕಾಲಿನ ಥರ ಸಣ್ಣ ಸಣ್ಣ ಬೇರು, ಅವು ನೇರ ಅಕ್ಷರದ ಗುಂಡಿಯೊಳಗೆ ಹೊಕ್ಕಿ ಕಚ್ಕೊಂಡಿರ್ತವೆ. ಒಂದು ಎಲೆ ಸರಿಸಿ ನೋಡೋಣ ಅಂತ ಬಳ್ಳಿ ಎಳೆದೆ, ಕೈಗೆ ಬಳ್ಳಿ ಜೊತೆ ಉಗುರಿನಷ್ಟು ಕಲ್ಲಿನ ಹೊಪ್ಪಳೆನೂ ಬಂತು, ಅದರ ಮೇಲೆ ಒಂದು ಅಂಕಿಯ ಅರ್ಧ ಇತ್ತು. ಯಾರದ್ದೋ ಹುಟ್ಟಿದ್ದೋ ಸತ್ತಿದ್ದೋ ವರ್ಷ ನನ್ನ ಬೆರಳ ಮಧ್ಯೆ. ಅವತ್ತಿಂದ ಬಳ್ಳಿ ಮುಟ್ಟಲ್ಲ, ನೀವೂ ಮುಟ್ಬೇಡಿ. ಆ ಚೂರನ್ನ ಕಲ್ಲಿನ ಬುಡದಲ್ಲಿಟ್ಟು ಸುಮ್ನೆ ಎದ್ದು ಬಂದೆ.

ಮೊಬೈಲ್ ಮ್ಯಾಪ್ ಇದೆಯಲ್ಲ ಅಂತೀರಾ? ಮರದ ಕೆಳಗೆ ಆ ನೀಲಿ ಚುಕ್ಕೆ ಹತ್ತು ಹೆಜ್ಜೆ ಆ ಕಡೆ ಈ ಕಡೆ ತೂಗಾಡ್ತಿರತ್ತೆ, ಹತ್ತು ಹೆಜ್ಜೆ ಅಂದ್ರೆ ಅಲ್ಲಿ ಮೂವತ್ತು ಗೋರಿ. ಒಟ್ಟು ಎರಡು ಶನಿವಾರ ಹೋಯ್ತು, ಐದು ಗಂಟೆ, ಒಂದು ಪ್ಯಾಂಟು ಬ್ರಾಂಬಲ್ ಮುಳ್ಳಿಗೆ ಹರೀತು. ಟ್ಯಾಗೋರ್ ತಾತ ಸಿಗ್ಲಿಲ್ಲ. ಗೆಳೆಯನಿಗೆ "ಮಳೆ ಇತ್ತು" ಅಂತ ಸುಳ್ಳು ಹೇಳಿದೀನಿ.

ಹುಡುಕದೇ ಸಿಕ್ಕಿದ್ದು ಬೇರೆಯವರು. ಮುಖ್ಯ ದಾರಿ ಪಕ್ಕದಲ್ಲೇ ಮೇಜರ್ ಜನರಲ್ ವಿಲಿಯಂ ಕೇಸ್‌ಮೆಂಟ್ ಅಂತ ಒಬ್ಬರ ಸಮಾಧಿ, ಬಂಗಾಳ ಸೈನ್ಯದಲ್ಲಿದ್ದು 1844ರಲ್ಲಿ ತೀರಿಕೊಂಡವರು. ಸಮಾಧಿಯ ನಾಲ್ಕು ಮೂಲೇಲಿ ಪೇಟ ಸುತ್ತಿದ ನಾಲ್ಕು ಜನ ಭಾರತೀಯರು ನಿಂತು ತಲೆ ಮೇಲೆ ಚಾವಣಿ ಹೊತ್ತಿದಾರೆ. ಯಜಮಾನ ಹೋದ್ರೂ ಬಿಟ್ಟಿ ಚಾಕರಿ ಮುಗೀಲಿಲ್ಲ ನೋಡಿ. ಅವರಿಗೆ ಹೆಸರಿಲ್ಲ. ಹೆಸರು ಹುಡುಕಿ ಹುಡುಕಿ ಸುಸ್ತಾಗಿದ್ದ ನಾನು ಅವರ ಪಕ್ಕನೇ ಬಾಳೆಹಣ್ಣು ಸುಲಿದು ತಿಂದು ಬಂದೆ. ಕಂಪ್ಯೂಟರ್ ಕೆಲಸದವರಿಗೆ ಒಂದು ಮಾತು, ಕಂಪ್ಯೂಟರಿನ ಪಿತಾಮಹ ಅನ್ನಿಸ್ಕೊಂಡ ಚಾರ್ಲ್ಸ್ ಬ್ಯಾಬೇಜ್ ಕೂಡ ಇಲ್ಲೇ ಇರೋದು.

ಉಳಿದವನ್ನ ಬೇಗ ಮುಗಿಸ್ತೀನಿ. ಬ್ರಾಂಪ್ಟನ್: ಸಪಾಟು ನೆಲ, ನೆಟ್ಟಗಿನ ದಾರಿ, ಕಾಫಿ ಸಿಗತ್ತೆ, ಮಗುವಿನ ತಳ್ಳುಗಾಡಿ ಇರೋರಿಗೆ ಇದೇ ಸರಿ, ಪಕ್ಕದಲ್ಲೇ ಚೆಲ್ಸಿ ಫುಟ್‌ಬಾಲ್ ಮ್ಯಾಚ್ ಇದ್ದ ದಿನ ಮಾತ್ರ ಆ ಕಡೆ ಹೋಗ್ಬೇಡಿ. ಕಾಲರಾ ನೀರಿಂದ ಹರಡತ್ತೆ ಅಂತ ತೋರಿಸಿದ ಡಾಕ್ಟರ್ ಜಾನ್ ಸ್ನೋ ಸಮಾಧಿ ಅಲ್ಲಿದೆ. ಅಬ್ನಿ ಪಾರ್ಕ್: ಕಾಡು ಚೆನ್ನಾಗಿದೆ, ಶುರುವಲ್ಲಿ ಇದನ್ನ ಸಸ್ಯತೋಟವಾಗಿಯೂ ಮಾಡಿ ಮರಗಳನ್ನ ಅಕ್ಷರಮಾಲೆ ಪ್ರಕಾರ ಸುತ್ತಲೂ ನೆಟ್ಟಿದ್ರಂತೆ, ಆ ಐಡಿಯಾ ನನಗೆ ತುಂಬಾ ಇಷ್ಟ, ಆದ್ರೆ ನಮ್ಮನೆಯಿಂದ ದೂರ. ಟವರ್ ಹ್ಯಾಮ್ಲೆಟ್ಸ್: ಬಡವರ ಸ್ಮಶಾನ, ಒಂದೇ ಗುಂಡೀಲಿ ಹತ್ತಾರು ಜನರನ್ನ ಹೂತ ಜಾಗ, ಕಲ್ಲೇ ಇಲ್ಲದವರು ಎಷ್ಟೋ. ವೆಸ್ಟ್ ನಾರ್‌ವುಡ್‌ನಲ್ಲಿ ಸಕ್ಕರೆ ಸಾಹುಕಾರ ಹೆನ್ರಿ ಟೇಟ್‌ದು ಕೆಂಪು ಮಂಟಪ ಒಂದು ಇದೆ, ಮಳೆ ಬಂತು ಅಂತ ವಾಪಸ್ ಬಂದೆ. ಇದು ನಿಜವಾದ ಮಳೆ.

ಈಗ ನನ್‌ಹೆಡ್. 1840, 52 ಎಕರೆ, ಗುಡ್ಡದ ಮೇಲೆ. ಗೇಟಿನ ಕಂಬಗಳ ಮೇಲೆ ತಲೆಕೆಳಗಾದ ಪಂಜು, ಆರಿದ ಜೀವ ಅಂತ ಅರ್ಥ. ಒಳಗೆ ಹೋದ್ರೆ ನೇರ ಎದುರಿಗೆ ಲೈಮ್ ಮರಗಳ ಸಾಲು, ಅದರ ತುದೀಲಿ ಚಾವಣಿ ಇಲ್ಲದ ಚಾಪೆಲ್, ಬೆಂಕಿ ಬಿದ್ದು ಬರೀ ಗೋಡೆ ಉಳಿದಿರೋದು. 1969ರಲ್ಲಿ ಕಂಪನಿ ಗೇಟಿಗೆ ಬೀಗ ಜಡಿದು ಹೋಯ್ತು, 1975ರಲ್ಲಿ ಅಲ್ಲಿನ ಪುರಸಭೆ, ಸದರ್ಕ್ ಕೌನ್ಸಿಲ್, ಇಡೀ ಗುಡ್ಡವನ್ನ 1 ಪೌಂಡಿಗೆ ತಗೊಳ್ತು. ಹೌದು ಒಂದೇ ಪೌಂಡು, ಅಪ್ಪನಿಗೆ ಇದನ್ನ ಹೇಳಿದಾಗ ಅವರು ಎರಡು ಸಲ ಕೇಳಿಸ್ಕೊಂಡ್ರು. 1981ರಲ್ಲಿ ಸುತ್ತಮುತ್ತಲಿನ ಜನ ಸೇರಿ ಸಂಘ ಕಟ್ಕೊಂಡು ದಾರಿ ಬಿಡಿಸೋಕೆ ಶುರು ಮಾಡಿದ್ರು, ಪೂರ್ತಿ ಅಲ್ಲ, ಬೇಕಾದಷ್ಟೇ. ಅದೇ ಇದರ ಸೊಗಸು.

ಇಲ್ಲಿ ನನಗೆ ಗೊತ್ತಿರೋ ದೊಡ್ಡ ಹೆಸರಿನವರು ಯಾರೂ ಇಲ್ಲ, ಯಾರನ್ನೂ ಹುಡುಕಬೇಕಾಗಿಲ್ಲ. ದಾರಿ ಹೇಗೆ ಕರ್ಕೊಂಡು ಹೋಗತ್ತೋ ಹಾಗೆ ಹೋಗೋದು. ಅರ್ಧ ಮುರಿದ ಹಾಗೆ ಕೆತ್ತಿದ ಕಂಬ ಕಂಡ್ರೆ ಚಿಕ್ಕ ವಯಸ್ಸಲ್ಲಿ ಹೋದವರು ಅಂತ ಗೊತ್ತಾಗತ್ತೆ, ಅಷ್ಟು ಓದು ಬಂದ್ರೆ ಸಾಕು. ನಾನು ಬೇಕಂತ ನಿಲ್ಲೋದು ಒಂದೇ ಕಡೆ. 1912ರ ಆಗಸ್ಟ್‌ನಲ್ಲಿ ವಾಲ್ವರ್ತ್‌ನ ಎಂಟು ಸ್ಕೌಟ್ ಹುಡುಗರು ಕ್ಯಾಂಪಿಗೆ ದೋಣೀಲಿ ಹೋಗ್ತಾ ಲೇಸ್‌ಡೌನ್ ಹತ್ರ ಮುಳುಗಿಹೋದ್ರು, ಎಂಟೂ ಜನ ಇಲ್ಲೇ ಇದಾರೆ. ಅವರಿಗೆ ಆಳೆತ್ತರದ ಕಂಚಿನ ಸ್ಕೌಟ್ ನಿಲ್ಲಿಸಿದ್ರು, ವಿನ್ಯಾಸ ಕೆಂಪು ಟೆಲಿಫೋನ್ ಬೂತ್ ಮಾಡಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್‌ದು. ಆ ಕಂಚಿನ ಹುಡುಗನನ್ನ ಯಾರೋ ಕದ್ದುಬಿಟ್ರು, 1992ರಲ್ಲಿ ಹೊಸ ಕಲ್ಲು ಇಟ್ಟಿದಾರೆ. ನಮ್ಮ ಮಗ ಸ್ಕೌಟ್ ಕ್ಯಾಂಪಿಗೆ ಹೋದ ವಾರ ನಾನು ಆ ದಾರಿ ಬಿಟ್ಟು ಬೇರೆ ದಾರೀಲಿ ಹೋದೆ, ನಗ್ಬೇಡಿ.

ಮೇಲೆ ಪಶ್ಚಿಮದ ಕಡೆ ಒಂದು ಬೆಂಚ್ ಇದೆ. ಅಲ್ಲಿ ಕೂತ್ರೆ ಮರಗಳ ನಡುವೆ ಕಿಟಕಿ ಕೊರೆದ ಹಾಗೆ ಒಂದು ಸಂದು, ಆ ಸಂದಿನಲ್ಲಿ ಸರಿಯಾಗಿ ಸೇಂಟ್ ಪಾಲ್ಸ್ ಗುಮ್ಮಟ, ಮಂಕು ಬೆಳಕಿದ್ದ ದಿನ ಮಗುಚಿಟ್ಟ ಇಡ್ಲಿ ಥರ ಬೆಳ್ಳಗೆ. ಅಪ್ಪನನ್ನ ಇಲ್ಲಿಗೂ ಕರ್ಕೊಂಡು ಬಂದಿದ್ದೆ, ಹಸಿರು ಗಿಳಿಗಳು ಕಿರಿಚ್ಕೊಂಡು ಹೋದವು, ಹೌದು, ನಮ್ಮ ಕಡೆದೇ ಜಾತಿ, ಲಂಡನ್ ತುಂಬ ಇವೆ. ಫ್ಲಾಸ್ಕ್ ಕಾಫಿ ಎರಡು ಲೋಟ ಖಾಲಿಯಾದ್ರೂ ಅಪ್ಪ ಏಳ್ಲಿಲ್ಲ. ಹೈಗೇಟ್‌ನಲ್ಲಿ ಮಂಡಿ ನೋವು ಅಂತಿದ್ದವರು ಇಲ್ಲಿ ಮಂಡಿ ಮಾತೇ ಎತ್ಲಿಲ್ಲ, ಗುಡ್ಡ ಇಲ್ಲೂ ಇದೆ.

ತೊಂದರೆ ಇಲ್ಲ ಅಂತಲ್ಲ. ನವೆಂಬರಿಂದ ಮಾರ್ಚ್ ತನಕ ಜೇಡಿ ಮಣ್ಣು ಶೂನ ಹಿಡಿದು ಎಳೆಯತ್ತೆ, ಕಾಫಿ ಅಂಗಡಿ ಇಲ್ಲ, ಕತ್ತಲಾಗೋ ಮುಂಚೆ ಗೇಟ್ ಹಾಕ್ತಾರೆ. ನನಗೆ ಬಸ್ಸಲ್ಲಿ ಇಪ್ಪತ್ತು ನಿಮಿಷ, ಖರ್ಚು ಬಸ್ ಚಾರ್ಜ್ ಅಷ್ಟೇ, ಹಾಗಾಗಿ ನನಗೆ ಇದು ಸರಿ. ನೀವು ಕ್ಯಾಮ್ಡನ್ ಕಡೆ ಇದ್ದು, ಊರಿಂದ ಬಂದವರಿಗೆ ಒಂದೇ ಒಂದು ಸ್ಮಶಾನ ತೋರಿಸ್ಬೇಕು ಅಂತಿದ್ರೆ ಹೈಗೇಟ್‌ಗೇ ಹೋಗಿ, ಎರಡೂ ಭಾಗದ ಟಿಕೆಟ್ ತಗೊಳಿ, ಪಶ್ಚಿಮ ಭಾಗ ಮೊದಲು ನೋಡಿ. ಕೆನ್ಸಲ್ ಗ್ರೀನ್‌ಗೆ ಯಾರನ್ನಾದ್ರೂ ಹುಡುಕೋಕೆ ಹೋಗ್ತಿದ್ರೆ ಮಧ್ಯದ ಸಂಖ್ಯೆ ಚೌಕ, ಮಧ್ಯದ ಸಂಖ್ಯೆ ಚೌಕ, ಕೈ ಮೇಲೆ ಬರ್ಕೊಳಿ.

ನಾನೂ ಫೆಬ್ರವರಿಲಿ ಇನ್ನೊಂದು ಸಲ ಹೋಗ್ಬೇಕು, ಬ್ರಾಂಬಲ್ ಚಿಗುರೋ ಮುಂಚೆ. ನಿನ್ನೆ ರಾತ್ರಿ ಗೆಳೆಯ ಮೆಸೇಜ್ ಮಾಡಿ ಲಂಡನ್ನಲ್ಲಿ ಮಳೆ ನಿಂತಿತಾ ಅಂತ ಕೇಳಿದಾನೆ.