ಬೋಗಿಯಲ್ಲಿ 72, 80, 83: ಹೆಚ್ಚುವರಿ ಬರ್ತ್‌ಗೆ ಜಾಗ ಎಲ್ಲಿಂದ ಬಂತು?

ಭಾರತೀಯ ರೈಲ್ವೆಯ ಹಳೆಯ ಐಸಿಎಫ್ (ಚೆನ್ನೈನ ಕಾರ್ಖಾನೆಯ ವಿನ್ಯಾಸ) ಸ್ಲೀಪರ್ ಬೋಗಿಯಲ್ಲಿ 72 ಬರ್ತ್ ಇದ್ದರೆ ಹೊಸ ಎಲ್‌ಎಚ್‌ಬಿ (ಜರ್ಮನ್ ವಿನ್ಯಾಸ) ಸ್ಲೀಪರ್‌ನಲ್ಲಿ 80 ಇವೆ. ಹೆಚ್ಚು ಜನರನ್ನು ತುಂಬಿದ್ದಾರೆ ಅಂತ ದೂರುವ ಮೊದಲು ಉದ್ದ ನೋಡಿ. ಐಸಿಎಫ್ ಬೋಗಿ ಸುಮಾರು 21.3 ಮೀಟರ್, ಎಲ್‌ಎಚ್‌ಬಿ ಸುಮಾರು 23.5 ಮೀಟರ್. ಬೋಗಿ ಶೇ. 10ರಷ್ಟು ಉದ್ದವಾಗಿದೆ, ಬರ್ತ್ ಶೇ. 11ರಷ್ಟು ಹೆಚ್ಚಿವೆ. ಅಂದರೆ ಎಂಟೆಂಟು ಬರ್ತ್‌ಗಳ 9 ವಿಭಾಗಗಳ ಜೊತೆ ಇನ್ನೊಂದು ಸೇರಿತೇ ಹೊರತು ಕಾಲು ಚಾಚುವ ಜಾಗವನ್ನು ಯಾರೂ ಕದ್ದಿಲ್ಲ. ಥ್ರೀ ಎಸಿಯಲ್ಲೂ ಇದೇ ಲೆಕ್ಕ, 64 ಇದ್ದದ್ದು 72 ಆಗಿದೆ. ಟೂ ಎಸಿ 46ರಿಂದ 52ಕ್ಕೆ ಏರಿದೆ.

ಥ್ರೀ ಎಸಿ ಎಕಾನಮಿಯ ಲೆಕ್ಕ ಬೇರೆ. 2021ರಲ್ಲಿ ಬಂದ ಈ ಬೋಗಿಯಲ್ಲಿ ಅಷ್ಟೇ ಉದ್ದಕ್ಕೆ 83 ಬರ್ತ್. ಬೋಗಿಯೊಳಗಿದ್ದ ವಿದ್ಯುತ್ ಪ್ಯಾನೆಲ್‌ಗಳನ್ನು ಬೋಗಿಯ ಕೆಳಭಾಗಕ್ಕೆ ಸಾಗಿಸಿ ಸ್ವಲ್ಪ ಜಾಗ ಉಳಿಸಿದರು, ಉಳಿದದ್ದನ್ನು ಎದುರುಬದುರು ಬರ್ತ್‌ಗಳ ನಡುವಿನ ಅಂತರದಿಂದ ಕಿತ್ತುಕೊಂಡರು. ಹಗಲಲ್ಲಿ ಮೂವರು ಇತ್ತ, ಮೂವರು ಅತ್ತ ಕೂತರೆ ಮಂಡಿಗೆ ಮಂಡಿ ತಾಗುತ್ತದೆ. ಆರು ಮಂದಿಯ ದೊಡ್ಡ ಸೂಟ್‌ಕೇಸ್‌ಗಳಿಗೂ ಸೀಟಿನಡಿ ಜಾಗ ಸಾಲುವುದಿಲ್ಲ. ಆದರೂ ಪ್ರತಿ ಬರ್ತ್‌ಗೂ ಬೇರೆ ಎಸಿ ಕಿಂಡಿ, ಓದುವ ದೀಪ, ಚಾರ್ಜಿಂಗ್ ಪಾಯಿಂಟ್ ಕೊಟ್ಟಿರುವುದು ಒಳ್ಳೆಯ ಕೆಲಸ. ಮೊದಲಿಗೆ ಹಾಸಿಗೆ-ಹೊದಿಕೆ ಕೊಡುತ್ತಿರಲಿಲ್ಲ. 2022ರಲ್ಲಿ ಕೊಡಲು ಶುರುಮಾಡಿದಾಗ ಅದನ್ನು ಇಡುವುದೆಲ್ಲಿ ಅನ್ನೋ ಪ್ರಶ್ನೆ ಬಂತು, 81, 82, 83ನೇ ಬರ್ತ್‌ಗಳು ಆ ಗಂಟುಗಳಿಗೇ ಹೋದವು. ರಾತ್ರಿ ಹತ್ತಿ ಬೆಳಗ್ಗೆ ಇಳಿಯುವ ಪ್ರಯಾಣಕ್ಕೆ ಈ ಬೋಗಿ ಪರವಾಗಿಲ್ಲ. ಹಗಲಿಡೀ ಕೂರಬೇಕಾದರೆ ಮಾಮೂಲಿ ಥ್ರೀ ಎಸಿಯೇ ವಾಸಿ.

ಇದಕ್ಕಿಂತ ಕೆಟ್ಟ ಪ್ರಯೋಗವೂ ನಡೆದಿತ್ತು, ಅದು ಸೈಡ್ ಲೋವರ್, ಸೈಡ್ ಅಪ್ಪರ್‌ಗಳ ನಡುವೆ ತೂರಿಸಿದ ಸೈಡ್ ಮಿಡಲ್ ಬರ್ತ್. 2006ರಲ್ಲಿ ಶುರುವಾದ ಕಡಿಮೆ ದರದ ಎಸಿ ರೈಲು ಗರೀಬ್ ರಥದಲ್ಲಿ ಅದನ್ನು ಹಾಕಿದರು, ಆಮೇಲೆ ಕೆಲವು ಸ್ಲೀಪರ್ ಬೋಗಿಗಳಿಗೂ ತಂದರು. ಪಕ್ಕದ ಗೋಡೆಯ ಎತ್ತರಕ್ಕೆ ಮೂರು ಬರ್ತ್ ಹಿಡಿಸುವುದಿಲ್ಲ. ಮಲಗಿದವರು ಮಗ್ಗುಲು ಬದಲಿಸುವುದೂ ಕಷ್ಟವಾಗಿ, ಸ್ಲೀಪರ್‌ನಿಂದ ಅದನ್ನು ತೆಗೆದರು.

ಬರ್ತ್ ಯಾವುದೆಂದು ತಿಳಿಯಲು ಸ್ಲೀಪರ್, ಥ್ರೀ ಎಸಿಗಳಲ್ಲಿ ಟಿಕೆಟ್‌ನ ಸಂಖ್ಯೆಯನ್ನು 8ರಿಂದ ಭಾಗಿಸಿ. ಶೇಷ 1 ಅಥವಾ 4 ಬಂದರೆ ಲೋವರ್, 2 ಅಥವಾ 5 ಮಿಡಲ್, 3 ಅಥವಾ 6 ಅಪ್ಪರ್, 7 ಸೈಡ್ ಲೋವರ್. ಶೇಷ ಉಳಿಯದಿದ್ದರೆ ಸೈಡ್ ಅಪ್ಪರ್. ಟೂ ಎಸಿಯಲ್ಲಿ ಮಿಡಲ್ ಇಲ್ಲ, ಅಲ್ಲಿ 6ರಿಂದ ಭಾಗಿಸಬೇಕು. ಆರ್‌ಎಸಿ (ಯಾರಾದರೂ ರದ್ದು ಮಾಡಿದರೆ ಪೂರ್ತಿ ಬರ್ತ್ ಸಿಗುವ ಟಿಕೆಟ್) ಸಿಕ್ಕವರಿಗೆ ಸೈಡ್ ಲೋವರ್‌ನಲ್ಲಿ ಅರ್ಧ ಜಾಗ, ಇಬ್ಬರೂ ಕೂತೇ ರಾತ್ರಿ ಕಳೆಯಬೇಕು. ಅದನ್ನು ಪೂರ್ತಿ ಪಡೆದವರಿಗೂ ಎರಡು ಸೀಟುಗಳ ಬೆನ್ನು ಮಡಚಿದಾಗ ನಡುವೆ ಉಳಿಯುವ ಸಂದು ಸೊಂಟಕ್ಕೆ ಒತ್ತುತ್ತದೆ, ದಪ್ಪನೆಯ ಹೊದಿಕೆ ಹಾಸಿಕೊಳ್ಳಿ. ಮಿಡಲ್ ಬರ್ತ್ ಎತ್ತಿ ಮಲಗುವ ಹಕ್ಕು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಾತ್ರ. ಮಿಕ್ಕ ಹೊತ್ತು ಅದನ್ನು ಇಳಿಸಲೇಬೇಕು, ಇಲ್ಲದಿದ್ದರೆ ಕೆಳಗೆ ಕೂತವರಿಗೆ ತಲೆ ಎತ್ತಲಾಗದು.

ಕೂರುವ ಬೋಗಿಗಳಲ್ಲಿ ವಂದೇ ಭಾರತ್‌ನ ಲೆಕ್ಕ ಸ್ಪಷ್ಟವಾಗಿದೆ. 16 ಬೋಗಿಯ ಗಾಡಿಯಲ್ಲಿ 12 ಚೇರ್ ಕಾರ್‌ಗೆ ತಲಾ 78, ಎರಡು ಎಕ್ಸಿಕ್ಯೂಟಿವ್‌ಗೆ ತಲಾ 52, ಚಾಲಕನ ಕ್ಯಾಬಿನ್ ಇರುವ ಎರಡು ತುದಿ ಬೋಗಿಗಳಿಗೆ ತಲಾ 44, ಒಟ್ಟು 1,128 ಸೀಟು. ಎಕ್ಸಿಕ್ಯೂಟಿವ್‌ನಲ್ಲಿ ಇತ್ತ ಎರಡು, ಅತ್ತ ಎರಡು ಸೀಟು, ಅವನ್ನು ಗಾಡಿಯ ದಿಕ್ಕಿಗೆ ತಿರುಗಿಸಲೂಬಹುದು. ಚೇರ್ ಕಾರ್‌ನಲ್ಲಿ ಮೂರು-ಎರಡರ ಸಾಲು. ಮೂವರ ನಡುವಿನ ಸೀಟು ಸಿಕ್ಕವರಿಗೆ ಕಿಟಕಿಯೂ ಇಲ್ಲ, ಓಡಾಡುವ ದಾರಿಯೂ ಇಲ್ಲ. ಇಬ್ಬರೇ ಹೊರಟಿದ್ದರೆ ಎರಡರ ಬದಿಯೇ ಸಿಗುವಂತೆ ಬುಕ್ ಮಾಡಲು ನೋಡಿ. ಜನರಲ್ ಬೋಗಿಯ ಸೀಟು ಸಂಖ್ಯೆ ಬರೀ ಕಾಗದದ ಮೇಲಿನದು.

ಕೊನೆ ಗಳಿಗೆಯಲ್ಲಿ ಎಲ್‌ಎಚ್‌ಬಿ ಬದಲು ಐಸಿಎಫ್ ಬೋಗಿ ಜೋಡಿಸಿದರೆ ಸ್ಲೀಪರ್‌ನಲ್ಲಿ 73ರಿಂದ 80, ಥ್ರೀ ಎಸಿಯಲ್ಲಿ 65ರಿಂದ 72ರವರೆಗಿನ ಬರ್ತ್‌ಗಳೇ ಇರುವುದಿಲ್ಲ. ನಿಮ್ಮ ಸಂಖ್ಯೆ ಅದರಲ್ಲಿದ್ದರೆ ಬೇರೆಯವರ ಸೀಟಿನಲ್ಲಿ ಕೂತು ಜಗಳಕ್ಕಿಳಿಯದೆ ನೇರ ಟಿಟಿಇ ಬಳಿ ಹೋಗಿ. ಕೆಳದರ್ಜೆಯಲ್ಲಿ ಜಾಗ ಕೊಟ್ಟರೆ ಇಳಿಯುವ ಮುಂಚೆಯೇ ಅವರಿಂದ ಪ್ರಮಾಣಪತ್ರ ಬರೆಸಿಕೊಳ್ಳಿ, ದರದ ವ್ಯತ್ಯಾಸ ವಾಪಸ್ ಕೇಳಲು ಅದು ಬೇಕಾಗುತ್ತದೆ.